ಗಲ್ಲಾದ ಹಿಂದೆ ಕೂತವರು

ಬೆಂಗಳೂರಿನ ಪ್ರೀಮಿಯರ್ ಬುಕ್ ಶಾಪಿನೊಳಗೆ ಇಬ್ಬರು ಎದುರುಬದುರಾದರೆ ಒಬ್ಬರು ಹಿಂದಕ್ಕೆ ಸರಿಯಲೇಬೇಕಿತ್ತು. ಚರ್ಚ್ ಸ್ಟ್ರೀಟಿನ ಮಗ್ಗುಲಲ್ಲಿ, ಮ್ಯೂಸಿಯಂ ರಸ್ತೆಯಲ್ಲಿದ್ದ ಆ ಅಂಗಡಿ ಅಷ್ಟು ಇಕ್ಕಟ್ಟು. ನಡುವೆ ಪುಸ್ತಕಗಳದೇ ಗುಡ್ಡ, ಸುತ್ತ ಒಬ್ಬರು ಓರೆಯಾಗಿ ನುಸುಳುವಷ್ಟು ಓಣಿ. ಗೋಡೆಗೆ ಕಪಾಟುಗಳಿದ್ದವು ಎನ್ನುವುದನ್ನು ನಂಬಿಕೊಳ್ಳಬೇಕಷ್ಟೆ. ಅವುಗಳ ಮುಂದೆ ಒಂದು ಸಾಲು, ಆ ಸಾಲಿನ ಮುಂದೆ ಇನ್ನೊಂದು, ಅದರ ಮೇಲೆ ಅಡ್ಡಡ್ಡ ಮಲಗಿಸಿದ ಮತ್ತಷ್ಟು. ಬುಡದಲ್ಲಿದ್ದ ಪುಸ್ತಕ ಬೇಕಾದವರು ಮೇಲಿನದ್ದನ್ನೆಲ್ಲ ಎದೆಗಾನಿಸಿಕೊಂಡು ಮೊಣಕಾಲೂರಿ ಎಳೆಯಬೇಕು. ಅಷ್ಟರಲ್ಲಿ ಅತ್ತ ಕಡೆಯಿಂದ ಒಂದು ರಾಶಿ ದಡದಡನೆ ಕುಸಿದ ಸದ್ದು ಬರುತ್ತಿತ್ತು. ಒಳಗಿದ್ದವರೆಲ್ಲ ತಾವಲ್ಲ ಎಂಬಂತೆ ಮುಖ ಮಾಡುತ್ತಿದ್ದರು. ಮೇಜಿನ ಹಿಂದೆ ಕೂತ ಟಿ.ಎಸ್. ಶಾನಭಾಗರು ಮಾತ್ರ ತಲೆ ಎತ್ತುತ್ತಿರಲಿಲ್ಲ. ಬಿದ್ದದ್ದು ಯಾವ ರಾಶಿ ಎಂಬುದು ಅವರಿಗೆ ಸದ್ದಿನಲ್ಲೇ ಗೊತ್ತಾಗುತ್ತಿತ್ತೇನೋ.

ಆ ರಾಶಿಯಲ್ಲಿ ಏನಿದೆ, ಎಲ್ಲಿದೆ ಎಂಬುದಕ್ಕೆ ಇದ್ದ ಪಟ್ಟಿ ಅವರ ತಲೆಯೊಂದೇ. ಹೆಸರು ಹೇಳಿದರೆ ಎದ್ದು ಬಂದು, ಗುಡ್ಡದ ಒಂದು ಮೈಗೆ ಕೈ ಹಾಕಿ, ಉಳಿದದ್ದು ಅಲುಗದಂತೆ ಪುಸ್ತಕವನ್ನು ಎಳೆದು ಕೊಡುತ್ತಿದ್ದರು. ಯಾರು ಯಾವುದನ್ನು ಓದುತ್ತಾರೆ ಎಂಬುದೂ ಅದೇ ತಲೆಯಲ್ಲಿತ್ತು. ಹೋದ ಸಲ ಚರಿತ್ರೆಯ ಪುಸ್ತಕ ಒಯ್ದವರು ಬಂದರೆ ಅದೇ ವಿಷಯದ ಹೊಸದೊಂದು ಮೇಜಿನ ಮೇಲೆ ಕಾದಿರುತ್ತಿತ್ತು. ತೆಗೆದುಕೊಳ್ಳಿ ಎಂಬ ಒತ್ತಾಯ ಇರಲಿಲ್ಲ. ಬಿಲ್ಲು ಬರೆಯುವಾಗ ರಿಯಾಯಿತಿಯನ್ನು ಕೇಳದೆಯೇ ಕಳೆದು, ಮೊತ್ತ ಬರೆದು ಮುಂದಕ್ಕೆ ಸರಿಸುವುದು, ಅಷ್ಟೆ. ಇತಿಹಾಸಕಾರ ರಾಮಚಂದ್ರ ಗುಹಾ ಅವರಂಥ ಗಿರಾಕಿಗಳು ಈ ಅಂಗಡಿಯ ಬಗ್ಗೆ ಮತ್ತೆಮತ್ತೆ ಬರೆದಿದ್ದಾರೆ. ಬರೆಯದೆ ಸುಮ್ಮನೆ ಓದಿ ಬೆಳೆದವರ ಸಂಖ್ಯೆ ಅದರ ಎಷ್ಟೋ ಪಾಲು ದೊಡ್ಡದು.

ಶಾನಭಾಗರಿಗೆ ಈ ಕಸುಬು ಹತ್ತಿದ್ದು ಮುಂಬೈಯಲ್ಲಿ. ಅವರ ಹತ್ತಿರದ ಬಂಧು ಟಿ.ಎನ್. ಶಾನಭಾಗರು 1948ರಲ್ಲಿ ಕೊಲಾಬಾದ ಸ್ಟ್ರ್ಯಾಂಡ್ ಸಿನೆಮಾ ಮಂದಿರದೊಳಗೆ ಒಂದಿಷ್ಟು ಜಾಗ ಹಿಡಿದು ಪುಸ್ತಕ ಮಾರಲು ಶುರುಮಾಡಿದ್ದರು. ಮುಂದೆ ಅದು ಫೋರ್ಟ್ ಪ್ರದೇಶಕ್ಕೆ ಸರಿಯಿತು, ಹೆಸರು ಮಾತ್ರ ಟಾಕೀಸಿನದ್ದೇ ಉಳಿಯಿತು: ಸ್ಟ್ರ್ಯಾಂಡ್ ಬುಕ್ ಸ್ಟಾಲ್. ಪುಸ್ತಕ ಮಾರಿದ್ದಕ್ಕೆ ಪದ್ಮಶ್ರೀ ಬಂದದ್ದೂ ಅವರಿಗೇ, 2003ರಲ್ಲಿ. ಕರಾವಳಿಯಿಂದ ಮುಂಬೈಗೆ ಹೋದವರು ಹೋಟೆಲಿಟ್ಟ ಕಥೆ ನಮಗೆಲ್ಲ ಬಾಯಿಪಾಠ. ಪುಸ್ತಕದಂಗಡಿ ಇಟ್ಟವರ ಕಥೆ ಯಾಕೋ ಅಷ್ಟು ಹಬ್ಬಲಿಲ್ಲ. ಅಲ್ಲಿ ಪಳಗಿ ಬಂದ ಕಿರಿಯ ಶಾನಭಾಗರು 1971ರಲ್ಲಿ ಬೆಂಗಳೂರಿನಲ್ಲಿ ಪ್ರೀಮಿಯರ್ ತೆರೆದು 2009ರವರೆಗೆ ನಡೆಸಿದರು. ಮುಂಬೈಯ ಸ್ಟ್ರ್ಯಾಂಡ್ 2018ರಲ್ಲಿ ಬಾಗಿಲೆಳೆಯಿತು. 2021ರ ಮೇ ತಿಂಗಳಲ್ಲಿ, ಕೋವಿಡ್ಡಿನ ಎರಡನೇ ಅಲೆಯಲ್ಲಿ ಟಿ.ಎಸ್. ಶಾನಭಾಗರು ತೀರಿಕೊಂಡಾಗ ಪತ್ರಿಕೆಗಳ ತುಂಬ ನೆನಪುಗಳು ಹರಿದವು. ಎಲ್ಲವೂ ನಿಜವಾದ ದುಃಖವೇ. ಆದರೂ ಓದುತ್ತ ಓದುತ್ತ ನನ್ನ ತಲೆಯಲ್ಲಿ ಒಂದು ಕುಹಕದ ಪ್ರಶ್ನೆ ಕೂತಿತ್ತು: ಇಷ್ಟು ಜನ ಈಗ ಪುಸ್ತಕ ಎಲ್ಲಿ ಕೊಳ್ಳುತ್ತಿದ್ದಾರೆ?

ಕನ್ನಡ ಪುಸ್ತಕದ ಅಂಗಡಿಗೆ ಮೊದಲು ಗೋಡೆ, ಬಾಗಿಲುಗಳೇ ಇರಲಿಲ್ಲ. ಗಳಗನಾಥರು (1869–1942) ಕಾದಂಬರಿ ಬರೆದು, ಅಚ್ಚು ಹಾಕಿಸಿ, ಗಂಟು ಕಟ್ಟಿ ತಲೆಯ ಮೇಲೆ ಹೊತ್ತು ಊರೂರು ತಿರುಗಿದವರು. ಶಾಲಾ ಮಾಸ್ತರಿಕೆ ಬಿಟ್ಟು ಬರವಣಿಗೆಗೆ ನಿಂತ ಮನುಷ್ಯ. ಹಾವೇರಿ ಸೀಮೆಯ ಬಿಸಿಲಲ್ಲಿ ಯಾರದೋ ಮನೆಯ ಕಟ್ಟೆಯ ಮೇಲೆ ಗಂಟು ಇಳಿಸಿ ಬಿಚ್ಚಿದರೆ ಅದೇ ಅಂಗಡಿ. ಬರೆದವರೂ ಅವರೇ, ಮಾರುವವರೂ ಅವರೇ. ಕನ್ನಡದವರಿಗೆ ಓದುವ ಚಟ ಹತ್ತಿಸಿದವರು ಎಂದು ಅವರನ್ನು ಹೊಗಳುತ್ತೇವೆ. ಕೊಳ್ಳುವ ಚಟ ಹತ್ತಿಸಲು ಅವರ ಕತ್ತು ಪಟ್ಟ ಪಾಡನ್ನು ಹೇಳುವವರು ಕಡಿಮೆ.

ತಲೆಯ ಮೇಲಿನ ಗಂಟು ಧಾರವಾಡದಲ್ಲಿ ಅಟ್ಟ ಹತ್ತಿತು. ಜಿ.ಬಿ. ಜೋಶಿಯವರು 1933ರಲ್ಲಿ ಹುಟ್ಟುಹಾಕಿದ ಮನೋಹರ ಗ್ರಂಥಮಾಲೆಯ ಸುಭಾಷ್ ರಸ್ತೆಯ ನೆಲೆಗೆ ಊರವರು ಇಟ್ಟ ಹೆಸರೇ ಅಟ್ಟ. ಅಲ್ಲಿ ಪುಸ್ತಕಕ್ಕಿಂತ ಮೊದಲು ಸಿಗುತ್ತಿದ್ದದ್ದು ಹರಟೆ. ಕೀರ್ತಿನಾಥ ಕುರ್ತಕೋಟಿ ಕೂತಿರುತ್ತಿದ್ದರು, ಬೇಂದ್ರೆಯವರ ಮಾತು ಬರುತ್ತಿತ್ತು, ಹಸ್ತಪ್ರತಿ ಕಂಕುಳಲ್ಲಿಟ್ಟುಕೊಂಡು ಬಂದ ಹುಡುಗರು ಬೆವರುತ್ತಿದ್ದರು. ಗಿರೀಶ ಕಾರ್ನಾಡರ ಮೊದಲ ನಾಟಕ ‘ಯಯಾತಿ’ 1961ರಲ್ಲಿ ಹೊರಬಿದ್ದದ್ದು ಇಲ್ಲಿಂದ. ಐವತ್ತು ವರ್ಷದ ಮೇಲೆ ಆತ್ಮಕಥೆ ಬರೆದಾಗಲೂ ಅವರು ಅದನ್ನು ಕೊಟ್ಟದ್ದು ಇದೇ ಅಟ್ಟಕ್ಕೆ. ಈ ಹರಟೆಯ ಅಡಿಯಲ್ಲಿ ಒಂದು ಗಟ್ಟಿ ವ್ಯವಹಾರ ಇತ್ತು: ಚಂದಾದಾರರು. ಮೊದಲೇ ಹಣ ಕಟ್ಟಿದವರಿಗೆ ವರ್ಷದ ಪುಸ್ತಕಗಳು ಅಂಚೆಯಲ್ಲಿ ಮನೆಗೆ. ಏನು ಬರುತ್ತದೆಂದು ಕೇಳದೆ ದುಡ್ಡು ಕೊಡುವ ಓದುಗರು ಒಂದಿಷ್ಟು ಜನ ಸಿಕ್ಕರೆ ಪ್ರಕಾಶಕನಿಗೆ ಧೈರ್ಯ ಬರುತ್ತದೆ. ಆ ಧೈರ್ಯದಿಂದಲೇ ಎಷ್ಟೋ ಹೊಸಬರ ಮೊದಲ ಪುಸ್ತಕ ಅಚ್ಚಾಯಿತು.

ಬೆಂಗಳೂರಿನ ಪೇಟೆಯಲ್ಲಿ ವ್ಯವಹಾರದ ಬಣ್ಣವೇ ಬೇರೆ. ಅವೆನ್ಯೂ ರಸ್ತೆಯಲ್ಲಿ ಜೂನ್ ಜುಲೈಗೆ ಕಾಲಿಡಲು ಜಾಗವಿರುವುದಿಲ್ಲ. ಎಂಜಿನಿಯರಿಂಗ್, ಡಿಪ್ಲೊಮಾ, ಪಿಯುಸಿ, ಪ್ರಶ್ನೆಪತ್ರಿಕೆಗಳ ಕಟ್ಟುಗಳು ನೈಲಾನ್ ಹಗ್ಗದಲ್ಲಿ ಸೊಂಟ ಬಿಗಿಸಿಕೊಂಡು ಫುಟ್‌ಪಾತಿನ ಮೇಲೆ ನಿಂತಿರುತ್ತವೆ. ವ್ಯಾಪಾರಿಗೆ ಪುಸ್ತಕದ ಹೆಸರು ಬೇಕಿಲ್ಲ. ಯಾವ ಸೆಮಿಸ್ಟರು, ಯಾವ ಬ್ರಾಂಚು ಎಂದರೆ ಕೈ ತಾನಾಗಿ ಹೋಗುತ್ತದೆ. ಕಳೆದ ವರ್ಷದ ಹುಡುಗ ಅರ್ಧ ಬೆಲೆಗೆ ಕೊಟ್ಟುಹೋದದ್ದನ್ನು ಈ ವರ್ಷದ ಹುಡುಗಿ ಮುಕ್ಕಾಲು ಬೆಲೆಗೆ ಕೊಂಡೊಯ್ಯುತ್ತಾಳೆ. ಅಂಚಿನಲ್ಲಿ ಅವನು ಪೆನ್ಸಿಲಿನಲ್ಲಿ ಗೀಚಿದ ಉತ್ತರಗಳು ಪುಕ್ಕಟೆ. ಅಲ್ಲಿಂದ ಬಳೇಪೇಟೆಗೆ ಹೊರಳಿದರೆ ಜಂಗಮಮೇಸ್ತ್ರಿ ಗಲ್ಲಿಯಲ್ಲಿ ಸಾಹಿತ್ಯ ಭಂಡಾರ, ಎಸ್.ಎಲ್. ಭೈರಪ್ಪನವರ ಕಾದಂಬರಿಗಳು ಮುದ್ರಣದ ಮೇಲೆ ಮುದ್ರಣ ಕಂಡ ವಿಳಾಸ. ಬಳೆ, ಹೊಸ ಸೀರೆ, ಹಿತ್ತಾಳೆ ಪಾತ್ರೆಗಳ ನಡುವೆ ಕಾದಂಬರಿಯ ಬಂಡಲ್ಲು ಹೊತ್ತ ಹಮಾಲಿ ‘ಸೈಡ್ ಸೈಡ್’ ಎಂದು ಕೂಗುತ್ತ ನುಗ್ಗುವುದನ್ನು ನೋಡಬೇಕು. ಅಲ್ಲಿ ಸಾಹಿತ್ಯ ಕೂಡ ತೂಕವಿರುವ ಸರಕು.

ಈಗ ಸ್ವಲ್ಪ ಲೆಕ್ಕ ನೋಡೋಣ, ಯಾಕೆಂದರೆ ಪುಸ್ತಕದಂಗಡಿಯ ಕಷ್ಟವನ್ನು ಹೇಳುವವರು ಲೆಕ್ಕವನ್ನೇ ಬಿಟ್ಟುಬಿಡುತ್ತಾರೆ. ಕನ್ನಡ ಪುಸ್ತಕ ಮಾರುವ ಒಂದು ಪುಟ್ಟ ಅಂಗಡಿ. ಸಂಜೆ ಆರೂವರೆ. ಒಬ್ಬ ಗಿರಾಕಿ ಇನ್ನೂರು ರೂಪಾಯಿಯ ಕಥಾಸಂಕಲನ ಹಿಡಿದು ಮೇಜಿಗೆ ಬರುತ್ತಾನೆ.

‘ಎಷ್ಟು ಕಮ್ಮಿ ಮಾಡ್ತೀರ ಸಾರ್?’

‘ಟೆನ್ ಪರ್ಸೆಂಟ್ ಇದೆ.’

‘ಆನ್‌ಲೈನಲ್ಲಿ ಇನ್ನೂ ಕಮ್ಮಿಗಿದೆ ನೋಡಿ.’ ಫೋನು ಮುಂದೆ ಬರುತ್ತದೆ.

ಅಂಗಡಿಯವರು ಫೋನು ನೋಡುವುದಿಲ್ಲ. ‘ಅಲ್ಲೇ ತರಿಸ್ಕೊಳಿ ಸಾರ್, ಬೇಜಾರಿಲ್ಲ. ಆದ್ರೆ ಇಲ್ಲಿ ಅರ್ಧ ಗಂಟೆ ಓದಿದ್ರಲ್ಲ, ಅದಕ್ಕೆ ಎಷ್ಟು ಹಾಕ್ಲಿ?’

ಗಿರಾಕಿ ನಕ್ಕು ದುಡ್ಡು ಕೊಡುತ್ತಾನೆ. ಎಲ್ಲರೂ ನಗುವುದಿಲ್ಲ.

ಪ್ರಕಾಶಕರು ಅಂಗಡಿಗೆ ಕೊಡುವ ಕಮಿಷನ್ ಮೂವತ್ತು ಪರ್ಸೆಂಟ್ ಎಂದಿಟ್ಟುಕೊಳ್ಳಿ. ಇನ್ನೂರರಲ್ಲಿ ಅರವತ್ತು. ಗಿರಾಕಿಗೆ ಇಪ್ಪತ್ತು ಹೋದರೆ ನಲವತ್ತು ಉಳಿಯಿತು. ಆ ನಲವತ್ತರಲ್ಲಿ ಬಾಡಿಗೆ, ಕರೆಂಟು, ಹುಡುಗನ ಸಂಬಳ, ಲಾರಿ ಆಫೀಸಿನಿಂದ ಬಂಡಲ್ಲು ತರಿಸಿದ ಆಟೊ, ಮಾರಾಟವಾಗದೆ ಹಳದಿಯಾದ ಪ್ರತಿಗಳು, ಗೆದ್ದಲು. ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ ಎಂದು ನಾವು ಖುಷಿಪಡುತ್ತೇವೆ. ಆದರೆ ಅಂಗಡಿಯ ಬಾಡಿಗೆಗೆ ಹದಿನೆಂಟು ಪರ್ಸೆಂಟ್ ಇದೆ, ಮಾರುವ ಸರಕಿಗೆ ತೆರಿಗೆಯೇ ಇಲ್ಲದ್ದರಿಂದ ಬಾಡಿಗೆಗೆ ಕಟ್ಟಿದ್ದನ್ನು ವಜಾ ಹಾಕಿಕೊಳ್ಳುವ ದಾರಿ ಇಲ್ಲ. ಪಕ್ಕದ ಮೊಬೈಲ್ ಅಂಗಡಿಯವನಿಗೆ ಆ ದಾರಿ ಇದೆ. ಕಟ್ಟಡದ ಮಾಲೀಕರು ಬಾಡಿಗೆ ಏರಿಸಲು ಬಂದಾಗ ಹೋಲಿಸುವುದು ಆ ಮೊಬೈಲ್ ಅಂಗಡಿಯ ಜೊತೆಗೇ. ಜನ ಓದುವುದಿಲ್ಲ ಎಂಬ ಗೋಳನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಮಂಡ್ಯದಲ್ಲಿ 2024ರ ಡಿಸೆಂಬರಿನಲ್ಲಿ ನಡೆದ ಸಾಹಿತ್ಯ ಸಮ್ಮೇಳನವಿರಲಿ, ಅದಕ್ಕೂ ಹಿಂದಿನ ಹಾವೇರಿಯದ್ದಿರಲಿ, ಪುಸ್ತಕ ಮಳಿಗೆಗಳ ಧೂಳಿನಲ್ಲಿ ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ಚೀಲ ತುಂಬಿಸುವವರನ್ನು ಕಂಡವರು ಆ ಮಾತು ಆಡಲಾರರು. ಸಮ್ಮೇಳನ ಮೂರು ದಿನ, ಅಂಗಡಿಯ ಬಾಡಿಗೆ ತಿಂಗಳಿಗೆ ಮೂವತ್ತು ದಿನ.

ಸರಕಾರ ಪುಸ್ತಕ ಕೊಳ್ಳುತ್ತದಲ್ಲ ಎನ್ನಬಹುದು. ಕೊಳ್ಳುತ್ತದೆ. ಕರ್ನಾಟಕದಲ್ಲಿ 1965ರ ಕಾಯಿದೆಯ ಪ್ರಕಾರ ಆಸ್ತಿ ತೆರಿಗೆಯ ಜೊತೆ ನಾವೆಲ್ಲ ಗ್ರಂಥಾಲಯ ಕರ ಕಟ್ಟುತ್ತೇವೆ. ಆಯ್ಕೆಯಾದ ಪುಸ್ತಕದ ಮುನ್ನೂರು ಪ್ರತಿಯನ್ನು ಗ್ರಂಥಾಲಯ ಇಲಾಖೆ ಸಗಟಾಗಿ ಕೊಂಡರೆ ಪ್ರಕಾಶಕರಿಗೆ ಅಚ್ಚಿನ ಖರ್ಚು ಬಂದಂತೆ. ಬೆಲೆ ನಿಗದಿ ಪುಟಕ್ಕಿಷ್ಟು ಪೈಸೆ ಎಂಬ ಲೆಕ್ಕದಲ್ಲಿ. ಒಳಗೆ ಕವಿತೆಯೋ ಕಾದಂಬರಿಯೋ, ಪುಟಕ್ಕೆ ಅದೇ ದರ. ಈ ಏರ್ಪಾಟಿನಿಂದ ಎಷ್ಟೋ ಒಳ್ಳೆಯ ಪುಸ್ತಕಗಳು ಹೊರಬಂದಿವೆ, ಅದನ್ನು ಅಲ್ಲಗಳೆಯಲಾಗದು. ಆದರೆ ಪ್ರಕಾಶಕರ ಕಣ್ಣು ಇಲಾಖೆಯ ಪಟ್ಟಿಯ ಮೇಲೆ ನೆಟ್ಟ ಮೇಲೆ ಅಂಗಡಿಗೆ ಪ್ರತಿ ಕಳಿಸುವ, ಓದುಗನನ್ನು ಹುಡುಕುವ ಉಸಾಬರಿ ಯಾರಿಗೆ ಬೇಕು? ಕೋವಿಡ್ ನಂತರ ಆ ಖರೀದಿಯೂ ವರ್ಷಗಟ್ಟಲೆ ಬಾಕಿ ಬಿದ್ದು ಪ್ರಕಾಶಕರು ಇಲಾಖೆಯ ಬಾಗಿಲು ತಟ್ಟುವಂತಾಯಿತು. ಅಂಗಡಿಗಳ ಜಾಲವೊಂದು ಗಟ್ಟಿಯಾಗಿ ಇದ್ದಿದ್ದರೆ ಆ ವರ್ಷಗಳಲ್ಲಿ ಅದೇ ಕೈಹಿಡಿಯುತ್ತಿತ್ತು.

ಇದನ್ನು ಮೊದಲೇ, ಅದೂ ಜೋರಾಗಿ ಹೇಳಿದವರು ಮಂಗಳೂರಿನಲ್ಲಿದ್ದರು. ಜಿ.ಎನ್. ಅಶೋಕವರ್ಧನರು 1975ರಲ್ಲಿ ಅತ್ರಿ ಬುಕ್ ಸೆಂಟರ್ ತೆರೆದರು. ವಿಜ್ಞಾನ ಬರಹಗಾರ ಜಿ.ಟಿ. ನಾರಾಯಣ ರಾಯರ ಮಗ, ಬೆಟ್ಟ ಹತ್ತುವ ಹುಚ್ಚಿನವರು, ಗಲ್ಲಾದ ಹಿಂದೆ ಕೂತೂ ಅದೇ ಜಾತಿಯ ಮನುಷ್ಯ. ಸಗಟು ಖರೀದಿ, ಅನುದಾನ, ಪುಕ್ಕಟೆ ಹಂಚಿಕೆ ಇವೆಲ್ಲ ಪುಸ್ತಕವನ್ನು ಓದುಗನಿಂದ ದೂರ ಮಾಡುತ್ತವೆ ಎಂಬುದು ಅವರ ವಾದ. ಪುಸ್ತಕವನ್ನು ಓದುವವನು ತನ್ನ ಜೇಬಿನಿಂದಲೇ ಕೊಳ್ಳಬೇಕು, ಮಾರುವವನು ಅದಕ್ಕೆ ತಕ್ಕ ಬೆಲೆಗೆ ನೇರವಾಗಿ ಮಾರಬೇಕು, ನಡುವೆ ಯಾರ ಕೃಪೆಯೂ ಬೇಡ. ಈ ಜಗಳಗಳನ್ನೆಲ್ಲ ಸೇರಿಸಿ ‘ಪುಸ್ತಕ ಮಾರಾಟ ಹೋರಾಟ’ ಎಂಬ ಪುಸ್ತಕವನ್ನೇ ಬರೆದರು. ಕನ್ನಡದಲ್ಲಿ ಪುಸ್ತಕ ವ್ಯಾಪಾರಿಯೊಬ್ಬ ತನ್ನ ಕಸುಬಿನ ಒಳಹೊರಗನ್ನು ಇಷ್ಟು ಬಿಚ್ಚಿ ಬರೆದದ್ದು ಅಪರೂಪ. ವಾದವನ್ನು ಎಲ್ಲರೂ ಒಪ್ಪಲಿಲ್ಲ. ಕೊಳ್ಳಲಾಗದ ಹಳ್ಳಿಯ ಹುಡುಗನಿಗೆ ಗ್ರಂಥಾಲಯವೇ ಗತಿಯಲ್ಲವೇ ಎಂಬ ಪ್ರಶ್ನೆ ಇದ್ದೇ ಇದೆ, ನನ್ನದೂ ಅದೇ. ಆದರೂ ಅತ್ರಿಯಲ್ಲಿ ಒಂದು ಪುಸ್ತಕ ಕೇಳಿದರೆ ಅದು ಒಳ್ಳೆಯದೋ ಅಲ್ಲವೋ ಎಂಬ ಮಾತೂ ಬೋನಸ್ಸಾಗಿ ಬರುತ್ತಿತ್ತು ಎಂದು ಆ ಊರಿನ ಓದುಗರು ಇವತ್ತಿಗೂ ಹೇಳುತ್ತಾರೆ. 2012ರ ಮಾರ್ಚ್ ಕೊನೆಗೆ ಅವರು ತಾವೇ ನಿರ್ಧರಿಸಿ ಅಂಗಡಿ ಮುಚ್ಚಿದರು.

ಅಷ್ಟು ಹೊತ್ತಿಗೆ ಬೆಂಗಳೂರಿನಲ್ಲೇ ಬೇರೊಂದು ಗಾಳಿ ಎದ್ದಿತ್ತು. 2007ರಲ್ಲಿ ಕೋರಮಂಗಲದಲ್ಲಿ ಹುಟ್ಟಿದ ಫ್ಲಿಪ್‌ಕಾರ್ಟ್ ಮೊದಲು ಮಾರಿದ್ದು ಪುಸ್ತಕವನ್ನೇ. ಆರಂಭದ ದಿನಗಳಲ್ಲಿ ಪುಸ್ತಕದಂಗಡಿಯೊಂದರ ಹೊರಗೆ ನಿಂತು, ಚೀಲ ಹಿಡಿದು ಬರುವವರ ಕೈಗೆ ತಮ್ಮ ಬುಕ್‌ಮಾರ್ಕ್ ತುರುಕುತ್ತಿದ್ದೆವು ಎಂದು ಸ್ಥಾಪಕರೇ ಹೇಳಿಕೊಂಡಿದ್ದಾರೆ. ಗಿರಾಕಿಯನ್ನು ಹುಡುಕಲು ಅದಕ್ಕಿಂತ ಒಳ್ಳೆಯ ಜಾಗ ಇನ್ನೆಲ್ಲಿತ್ತು? ಅವರ ಮೊದಲ ಆರ್ಡರು ಬಂದದ್ದು ಮಾತ್ರ ದೂರದ ಮೆಹಬೂಬನಗರದಿಂದ. ಬೇಕಾದ ಪುಸ್ತಕ ತನ್ನೂರಲ್ಲಿ ಸಿಗದ ಓದುಗನಿಗೆ ಇದು ವರವೇ ಆಯಿತು, ಸುಳ್ಳಲ್ಲ. 2013ರಲ್ಲಿ ಅಮೆಜಾನ್ ಕಾಲಿಟ್ಟ ಮೇಲೆ ರಿಯಾಯಿತಿಯ ಪೈಪೋಟಿ ಶುರುವಾಗಿ, ಒಂದೊಂದು ಸಲ ಅಂಗಡಿಯವರು ಪ್ರಕಾಶಕರಿಂದ ತರುವ ಬೆಲೆಗಿಂತ ಕಡಿಮೆಗೆ ಅದೇ ಪುಸ್ತಕ ಮನೆಬಾಗಿಲಿಗೆ ಬಂತು. ಆ ಕಂಪನಿಗಳು ಮುಂದೆ ಫೋನು, ಫ್ರಿಜ್ಜು, ಅಕ್ಕಿ, ಬೇಳೆ ಎಂದು ಬೆಳೆದವು. ಅಷ್ಟರಲ್ಲಿ ಪುಸ್ತಕಕ್ಕೆ ಅಚ್ಚಾದ ಬೆಲೆ ಕೊಡುವುದು ದಡ್ಡತನ ಎಂಬುದು ಗಿರಾಕಿಯ ಮನಸ್ಸಿನಲ್ಲಿ ಊರಿಹೋಗಿತ್ತು.

ಆದರೆ ಚರ್ಚ್ ಸ್ಟ್ರೀಟ್ ಸಾಯಲಿಲ್ಲ. ಅಲ್ಲಿ ಉಳಿದವರು ಯಾರೆಂದು ನೋಡಿದರೆ ಫುಟ್‌ಪಾತಿನಿಂದ ಬಂದವರು. ಬ್ಲಾಸಮ್ ಬುಕ್ ಹೌಸಿನ ಮಾಯಿಗೌಡರು ಎಂಜಿನಿಯರಿಂಗ್ ಓದುವಾಗಲೇ ಎಂ.ಜಿ. ರಸ್ತೆಯ ಅಂಚಿನಲ್ಲಿ ಹಳೆಯ ಪುಸ್ತಕ ಹರಡಿಕೊಂಡು ಕೂತವರು. ಬುಕ್‌ವರ್ಮ್‌ನ ಕೃಷ್ಣೇಗೌಡರೂ ಅದೇ ಹಾದಿಯವರು. ಹಳೆಯ ಪುಸ್ತಕದ ಲೆಕ್ಕ ಬೇರೆ: ಅದಕ್ಕೆ ಪ್ರಕಾಶಕರ ಕಮಿಷನ್ನಿನ ಹಂಗಿಲ್ಲ, ಆನ್‌ಲೈನಿನ ಬೆಲೆಯ ಅಂಜಿಕೆಯೂ ಅಷ್ಟಿಲ್ಲ. ಯಾರೋ ಮನೆ ಖಾಲಿ ಮಾಡುವಾಗ ಕೊಟ್ಟದ್ದನ್ನು ಎಷ್ಟಕ್ಕೆ ಕೊಳ್ಳಬೇಕು, ಎಷ್ಟಕ್ಕೆ ಮಾರಬಹುದು ಎಂಬ ಅಂದಾಜು ಬೆರಳ ತುದಿಯಲ್ಲಿರಬೇಕು. ಅದು ಫುಟ್‌ಪಾತಿನ ವಿದ್ಯೆ. ಈ ವಿದ್ಯೆಯ ಹಿರಿಯ ಮನೆ ಬ್ರಿಗೇಡ್ ರಸ್ತೆಯ ಅಡ್ಡರಸ್ತೆಯೊಂದರಲ್ಲಿದೆ: ಕೆ.ಬಿ.ಕೆ. ರಾವ್ 1945ರಲ್ಲಿ ಶುರುಮಾಡಿದ ಸೆಲೆಕ್ಟ್ ಬುಕ್ ಶಾಪ್. ಅವರ ಮಗ ಕೆ.ಕೆ.ಎಸ್. ಮೂರ್ತಿಯವರು ವಿಮಾನದ ಎಂಜಿನಿಯರಿಂಗ್ ಬಿಟ್ಟು ಬಂದು ಈ ಹಳೆಯ ಹಾಳೆಗಳ ನಡುವೆ ಕೂತರು.

ಶನಿವಾರದ ಸಂಜೆ ಬ್ಲಾಸಮ್ಮಿನ ಮೆಟ್ಟಿಲು ಹತ್ತಿ ನೋಡಿ. ಮೆಟ್ಟಿಲ ಮೇಲೆಯೇ ಒಬ್ಬ ಹುಡುಗಿ ಕೂತು ಓದುತ್ತಿರುತ್ತಾಳೆ, ಹತ್ತುವವರು ಅವಳನ್ನು ದಾಟಿ ಹೋಗುತ್ತಾರೆ. ಕಪಾಟಿನ ತುದಿಯಲ್ಲಿ ತಂದೆಯೊಬ್ಬರು ಕಾಮಿಕ್ಸಿನ ರಾಶಿಯಲ್ಲಿ ಮಗನಿಗಿಂತ ಹೆಚ್ಚು ಮುಳುಗಿದ್ದಾರೆ. ಹೊಸದೂ ಹಳೆಯದೂ ಅಕ್ಕಪಕ್ಕ, ಒಂದೇ ಕಾದಂಬರಿಗೆ ಎರಡು ಬೆಲೆ. ಹಳೆಯದರ ಮೊದಲ ಪುಟದಲ್ಲಿ ಯಾರೋ ಯಾರಿಗೋ ಹುಟ್ಟುಹಬ್ಬಕ್ಕೆ ಬರೆದುಕೊಟ್ಟ ಒಲವಿನ ಸಾಲು, ಅದರ ಮೇಲ್ತುದಿಗೆ ಪೆನ್ಸಿಲಿನಲ್ಲಿ ಬೆಲೆ. ಕೆಳಗೆ ಬೀದಿಯಲ್ಲಿ ರೀಲು ಮಾಡುವವರ ಗದ್ದಲ. ಅವರಲ್ಲಿ ಕೆಲವರು ಒಳಗೂ ಬಂದು, ಕಪಾಟಿಗೆ ಬೆನ್ನು ಕೊಟ್ಟು ಫೋಟೊ ತೆಗೆಸಿಕೊಂಡು ಹೋಗುತ್ತಾರೆ. ಅಂಗಡಿಯವರು ಗೊಣಗುವುದಿಲ್ಲ. ಹತ್ತರಲ್ಲಿ ಇಬ್ಬರು ಏನಾದರೂ ಕೊಂಡರೆ ಸಾಕು ಎಂಬ ಲೆಕ್ಕ ಇರಬೇಕು.

ಕನ್ನಡದ ಅಂಗಡಿಗಳಿಗೆ ಈ ಹಳೆಯ ಪುಸ್ತಕದ ಆಸರೆ ಅಷ್ಟಿಲ್ಲ, ರೀಲಿನ ಗದ್ದಲವೂ ಇಲ್ಲ. ಗಾಂಧಿ ಬಜಾರಿನ ಅಂಕಿತ ಪುಸ್ತಕದಂಥ ಅಂಗಡಿಗಳು ರಸ್ತೆ ಅಗೆದು ಹಾಕಿದ ದಿನಗಳನ್ನೂ ದಾಟಿಕೊಂಡು ಬಂದಿವೆ. ಈಚೆಗೆ ಅವರೆಲ್ಲರ ಕೈಹಿಡಿದಿರುವುದು ವಾಟ್ಸ್ಯಾಪ್. ಬೆಳಿಗ್ಗೆ ಅಂಗಡಿ ತೆರೆಯುವ ಮೊದಲೇ ಮುಖಪುಟಗಳ ಫೋಟೊ ಗುಂಪಿಗೆ ಹೋಗುತ್ತದೆ, ಮಧ್ಯಾಹ್ನದ ಹೊತ್ತಿಗೆ ಮೇಜಿನ ಮೇಲೆ ಕಂದು ಕಾಗದ, ಸೆಲ್ಲೊ ಟೇಪು, ಪಿನ್‌ಕೋಡು ಬರೆದ ಚೀಟಿಗಳು. ಗಳಗನಾಥರ ಗಂಟು ಈಗ ಅಂಚೆಯವರ ತಲೆಯ ಮೇಲೆ. ಹಾಗಾಗಿ ಈಗಿನ ಜಗಳ ಅಂಚೆಯ ದರದ್ದು. 2024ರ ಡಿಸೆಂಬರಿನಲ್ಲಿ ಅಂಚೆ ಇಲಾಖೆ ರಿಜಿಸ್ಟರ್ಡ್ ಬುಕ್ ಪೋಸ್ಟನ್ನು ಇದ್ದಕ್ಕಿದ್ದಂತೆ ನಿಲ್ಲಿಸಿದಾಗ ಪುಸ್ತಕದ ಬೆಲೆಗೆ ಸಾಗಣೆಯ ಖರ್ಚೇ ಸರಿಸಮ ನಿಲ್ಲುವ ಹಾಗಾಯಿತು. ನಾಡಿನುದ್ದಕ್ಕೂ ಕೂಗೆದ್ದು, 2025ರ ಮೇಯಲ್ಲಿ ಜ್ಞಾನ ಪೋಸ್ಟ್ ಎಂಬ ಹೊಸ ಸೇವೆ ಬಂತು: ಮುನ್ನೂರು ಗ್ರಾಮಿಗೆ ಇಪ್ಪತ್ತು ರೂಪಾಯಿಯಿಂದ ಶುರುವಾಗಿ ಐದು ಕಿಲೋಗೆ ನೂರು, ಅದರ ಮೇಲೆ ತೆರಿಗೆ. ನಡುವೆ ತೂಕದ ಹಂತಗಳು. ಅಂಗಡಿಯ ಹುಡುಗನಿಗೆ ಈಗ ಅವೆಲ್ಲ ಬಾಯಿಪಾಠ, ತಕ್ಕಡಿಯ ಮೇಲೆ ಪುಸ್ತಕ ಇಟ್ಟ ಕೂಡಲೇ ಹೇಳುತ್ತಾನೆ.

ಮೊನ್ನೆ ಅಂಥದೊಂದು ಅಂಗಡಿಯಲ್ಲಿ ನಿಂತಿದ್ದಾಗ ಸಿಂಧನೂರು ಕಡೆಯ ಮೇಷ್ಟ್ರೊಬ್ಬರ ಫೋನು ಬಂತು. ನಾಲ್ಕು ಪುಸ್ತಕ ಹೇಳಿದ್ದರಂತೆ, ಪಾರ್ಸೆಲ್ಲು ಒಂದು ಕಿಲೋ ದಾಟಿ ಸ್ವಲ್ಪ ಮೇಲಿತ್ತು.

‘ಎರಡು ಕಿಲೋ ತನಕ ಅದೇ ಚಾರ್ಜು ಮೇಷ್ಟ್ರೇ’ ಎಂದ ಹುಡುಗ.

ಆ ಕಡೆಯಿಂದ ಏನೋ ಮಾತು. ಹುಡುಗ ಫೋನನ್ನು ಹೆಗಲಿಗೊತ್ತಿಕೊಂಡು ಮತ್ತೆ ಕಪಾಟಿನ ಕಡೆ ಹೋದ. ‘ಇನ್ನೂ ಎರಡು ಹಾಕಂತೆ, ಜಾಗ ಸುಮ್ನೆ ಯಾಕೆ ದಂಡ ಅಂತಾರೆ. ದಪ್ಪದು ಬೇಡ್ವಂತೆ.’